ತಡಕಾಡುವ ಕೈ

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ ನಿಜಗುಣಪ್ಪನಿಗೆ ಲಕ್ವಾ ಹೊಡೆದು ಮಾತು ಹೋಯಿತು. ಮಗ ಸಂಗಪ್ಪ ಅಪ್ಪ ಅವ್ವ ಇಬ್ಬರನ್ನೂ ಸಂಗೊಳ್ಳಿಯಿಂದ ಬೈಲಹೊಂಗಲಕ್ಕೆ ಕರೆತಂದ. ಅರಳೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅವನ ಬಾಡಿಗೆ ಮನೆ ಚಿಕ್ಕದು, ಮನಸ್ಸು ದೊಡ್ಡದು. ಡಾಕ್ಟರು ನೋಡಿ, ಇನ್ನು ಇವರಿಗೆ ಯಾರ ಗುರುತೂ ಹತ್ತುವುದಿಲ್ಲ ಎಂದುಬಿಟ್ಟರು. ಹೆಂಡತಿ ಸಿದ್ದಲಿಂಗವ್ವ ನಂಬಲಿಲ್ಲ. ನಂಬದೆ ಇರುವುದರಲ್ಲಿ ಆಕೆ ಗಟ್ಟಿ. ಮದುವೆಯಾದ ಹೊಸದರಲ್ಲಿ ಗಂಡ ತನ್ನನ್ನು ಚೆಂದ ಎಂದದ್ದನ್ನೂ ನಂಬಿರಲಿಲ್ಲ.

ದಿನಾ ಕೋಳಿ ಕೂಗುವ ಮೊದಲೇ ಮುದುಕನಿಗೆ ಎಚ್ಚರವಾಗುತ್ತಿತ್ತು. ಅದು ಹೊಲಕ್ಕೆ ಹೊರಡುವ ಮುನ್ನ ಎತ್ತಿಗೆ ಮೇವು ಹಾಕುವ ಹೊತ್ತು. ಎತ್ತುಗಳು ಊರಲ್ಲೇ ಉಳಿದಿದ್ದವು, ಮೈಗೆ ಮಾತ್ರ ಅದು ಗೊತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತ ಸುಮ್ಮನೆ ಮಲಗಿರುತ್ತಿದ್ದ. ಆದರೆ ವಾರಕ್ಕೊಮ್ಮೆ ಆ ಹೊತ್ತಿಗೆ ಕಣ್ಣು ತೆರೆಯುತ್ತಲೇ ಇರಲಿಲ್ಲ. ಸರಿಯಿದ್ದ ಬಲಗೈ ನಿದ್ದೆಯಲ್ಲೇ ಹಾಸಿಗೆಯೆಲ್ಲ ತಡಕಾಡುತ್ತಿತ್ತು. ಅದು ಯಾವ ವಾರ ಎಂದು ಯಾರೂ ಲೆಕ್ಕ ಹಿಡಿಯಲಿಲ್ಲ. ಪೇಟೆಯಲ್ಲಿ ಎಲ್ಲ ವಾರವೂ ಒಂದೇ. ಒಮ್ಮೆ ಹಾಗೆ ತಡಕಾಡುತ್ತ ಮಂಚದಿಂದ ಬಿದ್ದೇಬಿಟ್ಟ. ಅಂದಿನಿಂದ ಕೈ ಅಲುಗಿದ ಕೂಡಲೇ ಸಂಗಪ್ಪ ಹಳೆಯ ಧೋತರದ ತುಂಡಿನಿಂದ ಅದನ್ನು ಮಂಚಕ್ಕೆ ಕಟ್ಟತೊಡಗಿದ. ಕಟ್ಟುವಾಗ ಅವನ ಕಣ್ಣಲ್ಲೂ ನೀರು ಬರುತ್ತಿತ್ತು.

"ಕಟ್ಟಬ್ಯಾಡೋ ಯಪ್ಪಾ, ಕಳ್ಳಗ ಕಟ್ಟಿದಂಗ ಆಗತೈತಿ," ಎಂದಳು ಸಿದ್ದಲಿಂಗವ್ವ.

"ಮತ್ತ ಬಿದ್ದು ಟೊಂಕ ಮುರದ್ರ ಏನ್ ಮಾಡೂದಬೇ?"

ಗಾಳಿ ಸೋಕಿದೆ ಎಂದು ಸೊಸೆ ರಾಚವ್ವ ತಾಯತ ತಂದಳು. ಅದನ್ನೂ ಆ ಕೈಗೇ ಕಟ್ಟಿದರು.

ಹೀಗೆ ಕೈ ಕಟ್ಟಿಸಿಕೊಂಡು ಮಲಗಿದ್ದ ಒಂದು ಮುಂಜಾನೆ ಸಂಗೊಳ್ಳಿಯ ನೆರೆಮನೆಯ ಬಾಯವ್ವ ನೋಡಲು ಬಂದಳು. ಬೆವರಿ ನೀರಾಗಿದ್ದಳು.

"ಗಾಡಿ ಕಟಿಗೊಂಡ ಬರೂದಲ್ಲೇನ? ಇಷ್ಟ ಮಂದ್ಯಾಗ ಮೋಟಾರಿಗೆ ಯಾಕ ಬಂದಿ?" ಎಂದಳು ಸಿದ್ದಲಿಂಗವ್ವ.

"ಅಯ್ಯ, ಪ್ಯಾಟಿ ನೀರ ಕುಡದು ವಾರಾನೂ ಮರತಿಯೇನ ಯಕ್ಕಾ? ಇವತ್ತ ಸೋಮವಾರ. ಎತ್ತಿನ ಹೆಗಲ ಮ್ಯಾಲ ನೊಗ ಇಡತಾರೇನ?"

ಸಿದ್ದಲಿಂಗವ್ವ ಕೈಯಲ್ಲಿದ್ದ ಚಹಾದ ಕಪ್ಪು-ಬಸಿ ಕೆಳಗಿಟ್ಟಳು. ಸೋಮವಾರ ಬಸವಣ್ಣನ ದಿನ. ಎತ್ತಿಗೆ ಬಿಡುವಾದರೆ ರೈತನಿಗೂ ಬಿಡುವು, ಹೆಂಗಸರಿಗೆ ಎಲ್ಲಿಯದು? ಊರಲ್ಲಿದ್ದಾಗ ಆಕೆ ಸೋಮವಾರವೂ ಎಂದಿನಂತೆ ನಸುಕಿನಲ್ಲಿ ಏಳಲು ಹೋದರೆ, ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡನ ಕೈ ತಡಕಾಡುತ್ತ ಬಂದು ಸೆರಗು ಹಿಡಿಯುತ್ತಿತ್ತು. "ಇವತ್ತರ ಮಲಕೋ," ಎನ್ನುತ್ತಿದ್ದ, ಕಣ್ಣು ತೆರೆಯದೆಯೇ. ಮದುವೆಯಾದಂದಿನಿಂದ ಆಕೆಗೆ ಕಣ್ತುಂಬ ನಿದ್ದೆ ಸಿಕ್ಕದ್ದು ಆ ದಿನ ಮಾತ್ರ. ಈಗ ಜಡ್ಡಿನ ಮನುಷ್ಯನಿಗೆ ಇಕ್ಕಟ್ಟಾದೀತೆಂದು ಆಕೆ ನೆಲದ ಮೇಲೆ ಮಲಗುತ್ತಿದ್ದಳು.

ಬಾಯವ್ವ ಏನಾಯಿತೆಂದು ಕೇಳುತ್ತಲೇ ಇದ್ದಳು. ಸಿದ್ದಲಿಂಗವ್ವ ಎದ್ದು ಹೋಗಿ ಗಂಟು ಬಿಚ್ಚಿ, ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತುಬಿಟ್ಟಳು.

ಮುಂದಿನ ಸೋಮವಾರ ನಸುಕಿನಲ್ಲಿ ಕೈ ಅಲುಗಿತೇನೋ ಎಂದು ಧೋತರದ ತುಂಡು ಹಿಡಿದು ಬಂದ ಸಂಗಪ್ಪ ಬಾಗಿಲಲ್ಲೇ ನಿಂತ. ಅವ್ವ ಮಂಚದ ಅಂಚಿನಲ್ಲಿ, ಅಪ್ಪನ ಪಕ್ಕದಲ್ಲಿ ಮಲಗಿದ್ದಳು. ಅಪ್ಪನ ಕೈ ಹಾಸಿಗೆಯ ಮೇಲೆ ತಡಕಾಡಿತು. ಸೆರಗು ಸಿಕ್ಕಿತು. ಮುಷ್ಟಿ ಬಿಗಿಯಾಯಿತು, ಆಮೇಲೆ ಅಲುಗಲಿಲ್ಲ.

"ಯವ್ವಾ, ಏನಬೇ ಇದು?" ಎಂದ ಸಂಗಪ್ಪ.

"ಸಾವಕಾಶ ಮಾತಾಡೋ," ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ. "ನಿಮ್ಮಪ್ಪ ಮಲಕೋ ಅಂದಾರ. ಇವತ್ತ ಚಹಾ ನೀವ ಮಾಡಕೋರಿ."