ಅಗುಳಿಯಿಲ್ಲದ ಗೇಟು

“ಇವತ್ತು ನೀರು ಎಷ್ಟಿದೆ?”

ಅಡಿಗೆಮನೆಯ ಕಿಟಕಿಯ ಮುಂದೆ ನಿಂತು ಕರಿ ಟೈ ಬಿಗಿಯುತ್ತಿದ್ದ ಹಾಯ್ಟ್ ಲ್ಯಾಸಿಟರ್ ಜೋರಾಗಿಯೇ ಕೇಳಿದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ನಲವತ್ತೇಳು ವರ್ಷ, ಪ್ರತಿ ಬೆಳಿಗ್ಗೆ, ಇದೇ ಕಿಟಕಿಯಲ್ಲಿ ಈ ಪ್ರಶ್ನೆ ಕೇಳುತ್ತಿದ್ದವಳು ಅವನ ಹೆಂಡತಿ ವೆಲ್ಡಾ. ಕೇಳಿ, ಅಣೆಕಟ್ಟಿನವರ ನಂಬರಿಗೆ ತಾನೇ ಫೋನ್ ಮಾಡಿ, ಉತ್ತರವನ್ನೂ ತಾನೇ ಹೇಳಿಕೊಂಡು, ಶಾಲೆಯ ಅಡಿಗೆ ಕೆಲಸಕ್ಕೋ ದೋಣಿಗೋ ಹೊರಟುಬಿಡುತ್ತಿದ್ದಳು. ಹಾಯ್ಟನಿಗೆ ಆ ಉತ್ತರ ಎಂದೂ ಬೇಕಿರಲಿಲ್ಲ. ಇವತ್ತು ಬೇಕಿತ್ತು. ಕನ್ನಡಕ ಹಾಕಿಕೊಂಡು, ಗೋಡೆಯ ಮೇಲೆ ಅವಳ ಕೈಬರಹದಲ್ಲಿದ್ದ ನಂಬರನ್ನು ಒಂದೊಂದಾಗಿ ಒತ್ತಿದ. ತುಂಬಿದ ಮಟ್ಟಕ್ಕಿಂತ ಹನ್ನೊಂದು ಅಡಿ ಕೆಳಗೆ, ಎಂದಿತು ಆ ಕಡೆಯ ಧ್ವನಿ.

ಅವನು ಫೋನು ಇಟ್ಟು, ಟೈಯನ್ನು ಬಿಚ್ಚಿ ಮತ್ತೆ ಮೊದಲಿಂದ ಕಟ್ಟಿದ.

ಚರ್ಚಿನ ಪ್ರಾರ್ಥನೆ ಹತ್ತಕ್ಕೆ ಮುಗಿಯಿತು. ಹತ್ತೂವರೆಗೆ ಎಲ್ಲರೂ ದೋಣಿಕಟ್ಟೆಯ ಮೇಲಿದ್ದರು. ಜನವರಿಯ ಮಂಜು ಜಲಾಶಯದ ಮೇಲೆ ಒದ್ದೆ ಕಂಬಳಿಯಂತೆ ಬಿದ್ದಿತ್ತು. ನೀರು ಎಲ್ಲಿ ಮುಗಿಯುತ್ತದೆ, ಗಾಳಿ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಶವಸಂಸ್ಕಾರದ ವ್ಯವಸ್ಥೆ ನೋಡುವ ಟಿಲ್ಮನ್ ತನ್ನ ಹೊಳೆಯುವ ಬೂಟುಗಳನ್ನು ಕೆಸರಿನಿಂದ ಎತ್ತಿ ಎತ್ತಿ ಇಡುತ್ತ ಹಾಯ್ಟನ ಹತ್ತಿರ ಬಂದ.

“ಹಾಯ್ಟ್ ಅವರೇ, ಕೋಪ ಮಾಡ್ಕೋಬೇಡಿ. ಮೇ ತಿಂಗಳಾಗಿದ್ರೆ ಸರ್ಕಾರದ ದೊಡ್ಡ ದೋಣಿ ಬರ್ತಿತ್ತು, ನೀರೂ ತುಂಬಿರ್ತಿತ್ತು. ಈಗ ಆ ಕಡೆ ಚಾಚಿರೋ ನೀರಿನ ತೋಳಿನಲ್ಲಿ ಎಲ್ಲ ಮರದ ಕೊರಡು. ಮುಳುಗಿದ ಕಾಡು ಅದು. ಒಂದು ತಾಗಿದ್ರೆ ದೋಣಿ ಮಗುಚುತ್ತೆ. ಪೆಟ್ಟಿಗೆ ನೀರಿಗೆ ಬಿದ್ರೆ ನಾನು ಯಾವ ಮುಖ ಇಟ್ಕೊಂಡು ಬದುಕಲಿ? ಹೆದ್ದಾರಿ ಪಕ್ಕದ ಸ್ಮಶಾನದಲ್ಲಿ ಜಾಗ ಇದೆ. ಮಧ್ಯಾಹ್ನದೊಳಗೆ ಅಗೆಸ್ತೀನಿ.”

“ಅವಳನ್ನ ಅವಳ ಅಮ್ಮನ ಪಕ್ಕ ಮಲಗಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ,” ಎಂದ ಹಾಯ್ಟ್.

“ಆದ್ರೆ ದಾರಿ?”

“ಅಲ್ಲಿ ಗುಂಡಿ ತೋಡಿ ಆಗಿದೆ. ನಿನ್ನೆ ಇಬ್ಬರು ಗುಡ್ಡ ಹತ್ತಿ ಏಳು ಮೈಲಿ ನಡೆದು ಹೋಗಿದ್ರು.”

“ನಡೆಯೋರು ನಡೀಬಹುದು. ಪೆಟ್ಟಿಗೆ ಹೊತ್ಕೊಂಡು ಆ ಬಂಡೆ ಇಳಿಯೋಕಾಗುತ್ತಾ?”

ಆ ಗುಡ್ಡ ಜಲಾಶಯದ ಆಚೆ ದಡದಲ್ಲಿತ್ತು. ಅದರ ಬುಡದಲ್ಲಿ ಒಂದು ಕಾಲಕ್ಕೆ ಬೆಥೆಲ್ ಫೋರ್ಕ್ ಎಂಬ ಊರಿತ್ತು. ಅಣೆಕಟ್ಟು ಎದ್ದ ವರ್ಷ ಊರು ಮುಳುಗಿತು. ಎತ್ತರದಲ್ಲಿದ್ದ ಸ್ಮಶಾನ ಮಾತ್ರ ಉಳಿಯಿತು. ಆಗ ವೆಲ್ಡಾಗೆ ಹದಿನೈದು, ಹಾಯ್ಟನಿಗೆ ಹದಿನೇಳು. ತನ್ನ ತಾಯಿಯ ಹೊಸಿಲಿಗೆ ನೀರು ಬಂದದ್ದನ್ನು ಹಾಯ್ಟ್ ಗುಡ್ಡದ ಮೇಲಿನಿಂದ ನೋಡಿದ್ದ. ಅಂದಿನಿಂದ ಅವನು ದೋಣಿಗೆ ಕಾಲಿಟ್ಟಿರಲಿಲ್ಲ. ಅತ್ತೆಯ ಮಣ್ಣಿಗೂ ಅವನು ಆ ಏಳು ಮೈಲಿ ನಡೆದೇ ಹೋಗಿದ್ದ.

“ನನ್ನ ದೋಣಿ ತಗೊಳ್ಳಿ,” ಎಂದ ಗ್ರೇಡಿ ಪೆಂಡರ್.

ಎಲ್ಲರೂ ತಿರುಗಿ ನೋಡಿದರು. ಬಾಸ್ ಮೀನು ಹಿಡಿಯುವ ಪಂದ್ಯವನ್ನು ಒಂಬತ್ತು ಸಲ ಗೆದ್ದವನು ಗ್ರೇಡಿ. ಕೆಂಪು ಮಿಂಚಿನ ಬಣ್ಣದ ಅವನ ದೋಣಿಯನ್ನು ಮುಟ್ಟಲು ಹೆಂಡತಿಗೂ ಅಪ್ಪಣೆ ಬೇಕು ಎಂಬ ಮಾತಿತ್ತು. ದೋಣಿಕಟ್ಟೆಯ ಅಂಗಡಿಯ ಹಲಗೆಯ ಮೇಲೆ ಜಲಾಶಯದ ಅತಿ ದೊಡ್ಡ ಬಾಸ್ ಎಂದು ಬರೆದದ್ದರ ಕೆಳಗೆ ಇದ್ದದ್ದು ಅವನದೇ ಹೆಸರು: ಹತ್ತು ಪೌಂಡು, ನಾಲ್ಕು ಔನ್ಸು.

“ದೋಣಿ ಕೊಡ್ತೀನಿ, ದಾರಿ ನನ್ನ ಹತ್ರ ಇಲ್ಲ,” ಎಂದ ಅವನು, ಟೋಪಿ ತೆಗೆದು. “ಚಳಿಗಾಲದಲ್ಲಿ ಆ ತೋಳಿನೊಳಗೆ ಹೋಗಿ ಬರ್ತಿದ್ದವಳು ವೆಲ್ಡಾ ಒಬ್ಬಳೇ. ಅವಳ ಹಿಂದೆ ಹೋಗಿ ನಾನು ಮೂರು ಪ್ರೊಪೆಲರ್ ಮುರ್ಕೊಂಡಿದ್ದೀನಿ, ಮಾರಾಯ. ಮೂರನೇ ಸಲ ಅವಳೇ ಹಗ್ಗ ಕಟ್ಟಿ ಎಳ್ಕೊಂಡು ಬಂದಳು. ಕಟ್ಟೆ ತನಕ ಒಂದು ಮಾತಿಲ್ಲ. ಇಳಿಯೋವಾಗ, ‘ಏನ್ ಸಿಕ್ತು ಗ್ರೇಡಿ?’ ಅಂದಳು.”

ಕರಿ ಬಟ್ಟೆಯ ಗುಂಪಿನಲ್ಲಿ ನಗು ಎದ್ದು, ನಾಚಿ, ಮತ್ತೆ ಎದ್ದಿತು.

“ದಾರಿ ನನ್ನ ಹತ್ರ ಇದೆ,” ಎಂದಳು ಮಗಳು ರೊವೀನಾ. ಆಮೇಲೆ ದನಿ ತಗ್ಗಿಸಿ ಅಪ್ಪನಿಗೆ ಮಾತ್ರ ಕೇಳುವಂತೆ, “ಬಹುಪಾಲು,” ಎಂದಳು.

*

ರೊವೀನಾಗೆ ಒಂಬತ್ತು ವರ್ಷವಾಗಿದ್ದಾಗ ಶನಿವಾರದ ಬೆಳಗುಗಳೆಲ್ಲ ಅಮ್ಮನ ಅಲ್ಯುಮಿನಿಯಂ ದೋಣಿಯ ಮೂತಿಯಲ್ಲಿ ಕಳೆಯುತ್ತಿದ್ದವು. ಅವಳಿಗೆ ಬೇಸರವೋ ಬೇಸರ. ಅಮ್ಮ ಪಂದ್ಯಕ್ಕೂ ಹೋಗುವವಳಲ್ಲ. ಪಂದ್ಯದ ಕೊನೆಯ ದಿನ ಭಾನುವಾರ, ಭಾನುವಾರ ದೇವರದು. ಹಿಡಿದ ಮೀನನ್ನೂ ಮುಖ ನೋಡಿ, ತುಟಿಯಿಂದ ಗಾಳ ಬಿಡಿಸಿ, ಮೆಲ್ಲಗೆ ನೀರಿಗೇ ಬಿಡುವವಳು.

“ಮತ್ತೆ ಯಾಕಮ್ಮ ಹಿಡೀತೀಯಾ?”

“ಮಾತಾಡಿಸಿ ಬರೋಕೆ.”

ಕೊರಡುಗಳ ಬಾಯಿಗೆ ಬಂದಾಗ ಅಮ್ಮ ಮೋಟರಿನ ಸದ್ದನ್ನು ಇಳಿಸುತ್ತಿದ್ದಳು. ಕಂಕುಳಲ್ಲಿ ಕೂಸಿರುವ ಹೆಂಗಸು ನಡೆಯುವಷ್ಟೇ ವೇಗ. ಆಮೇಲೆ ಹಾಡೂ ಅಲ್ಲದ ಮಾತೂ ಅಲ್ಲದ ದನಿಯಲ್ಲಿ ಶುರುಮಾಡುತ್ತಿದ್ದಳು. ಅದು ಅಮ್ಮನ ಅಮ್ಮ ಐಡಾ ಅಜ್ಜಿ ಕಟ್ಟಿದ್ದು. ಮಕ್ಕಳನ್ನು ಚರ್ಚಿಗೆ ನಡೆಸಿಕೊಂಡು ಹೋಗುವಾಗ ದಾರಿ ಬೇಗ ಸವೆಯಲಿ ಎಂದು, ಒಂದೊಂದು ಮನೆಗೆ ಒಂದೊಂದು ಸಾಲು.

ಪ್ರೂವಿಟ್ಟರ ಸೇಬಿನ ಮರ, ಹಣ್ಣು ಹುಳಿ, ನೆರಳು ಸಿಹಿ.
ಹ್ಯಾಡನ್ನರ ಬಾವಿ ನೋಡು, ನೀರು ಆಳ, ಹಗ್ಗ ಗಿಡ್ಡ.
ಕುಲುಮೆಯಿಂದ ಕಿಡಿ ಹಾರಿತು, ಲಂಗ ಎತ್ತು, ಬಲಕ್ಕೆ ಸರಿ.

ಮುಳುಗಿದ ದಾರಿ ಕೆಳಗೆ ಹಾಗೇ ಇತ್ತು. ಜಲ್ಲಿ ಬಡಿದ ದಾರಿಯಲ್ಲಿ ಯಾವ ಮರವೂ ಬೆಳೆದಿರಲಿಲ್ಲ, ಆದ್ದರಿಂದ ಅಲ್ಲಿ ಯಾವ ಕೊರಡೂ ಇರಲಿಲ್ಲ. ಸಾಲು ಮುಗಿಯುವಷ್ಟರಲ್ಲಿ ದೋಣಿ ಆ ಮನೆಯ ಮುಂದಿರುತ್ತಿತ್ತು.

ಕುಲುಮೆ ದಾಟಿದ ಮೇಲೆ ಮಾತ್ರ ಅಮ್ಮ ಬಾಯಿ ಮುಚ್ಚುತ್ತಿದ್ದಳು. ಮೋಟರನ್ನೂ ನಿಲ್ಲಿಸಿ, ಎದ್ದು ನಿಂತು, ಮಂಜಿನೊಳಗೆ ಗಾಳ ಬೀಸುತ್ತಿದ್ದಳು. ಎಷ್ಟೋ ಹೊತ್ತಾದ ಮೇಲೆ ಮತ್ತೆ ಹೊರಟಾಗ ಕೊನೆಯ ಸಾಲು ಬರುತ್ತಿತ್ತು.

ಇದೋ ಬಂತು ದೇವರ ಬಾಗಿಲು, ಕಾಲೊರೆಸಿ ಒಳಗೆ ಬಾ.

*

ಎರಡು ದೋಣಿಗಳನ್ನು ಪಕ್ಕಕ್ಕೆ ಪಕ್ಕ ಬಿಗಿದರು, ವೆಲ್ಡಾಳ ಹಳೆಯ ಅಲ್ಯುಮಿನಿಯಂ ದೋಣಿ, ಗ್ರೇಡಿಯ ಕೆಂಪು ದೋಣಿ. ಚರ್ಚಿನ ಊಟದ ಮೇಜಿನ ಹಲಗೆಗಳನ್ನು ಅಡ್ಡ ಹಾಸಿ, ಮೇಲೆ ಪೆಟ್ಟಿಗೆಯನ್ನಿಟ್ಟು ಹಗ್ಗ ಸುತ್ತಿದರು. ಹಿಂದೆ ಒಂದೇ ಹಗ್ಗಕ್ಕೆ ಪೋಣಿಸಿದ ನಾಲ್ಕು ದೋಣಿಗಳಲ್ಲಿ ಪಾದ್ರಿ, ಟಿಲ್ಮನ್, ಹಾಡುವ ಹೆಂಗಸರು, ಅವರ ತೊಡೆಯ ಮೇಲೆ ಕರಿದ ಕೋಳಿಯ ಬುಟ್ಟಿ. ಕರಿ ಕೋಟುಗಳ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳು.

ಹಾಯ್ಟ್ ಎರಡು ಜಾಕೆಟ್ಟು ಹಾಕಿಕೊಂಡ.

“ಒಂದು ಸಾಕಲ್ವಾ ಅಪ್ಪಾ?”

“ಒಂದು ನಂಗೆ, ಒಂದು ನನ್ನ ಭಯಕ್ಕೆ.”

ಅವನು ಕಣ್ಣು ಮುಚ್ಚಿ, ದೋಣಿಗೆ ಕಾಲಿಟ್ಟು, ಪೆಟ್ಟಿಗೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಗ್ರೇಡಿಯ ದೊಡ್ಡ ಮೋಟರನ್ನು ನೀರಿನಿಂದ ಮೇಲೆತ್ತಿದ್ದರು. ಕೆಲಸ ಮಾಡಬೇಕಾದದ್ದು ವೆಲ್ಡಾಳ ಪುಟ್ಟ ಮೋಟರು. ಹಿಂದೆ ಕೂತ ರೊವೀನಾ ಅದರ ಹಗ್ಗ ಎಳೆದಳು. ಎರಡನೆಯ ಎಳೆತಕ್ಕೇ ಅದು ಕೆಮ್ಮಿ ಎದ್ದಿತು.

“ಮಿಸ್ಟರ್ ಗ್ರೇಡಿ, ಮುಂದೆ ಕೂತು ಸೀಸದ ಗುಂಡು ಬಿಡಿ. ತಳ ಏನಿದೆ ಅಂತ ಹೇಳ್ತಾ ಇರಿ.”

ಇದು ಗ್ರೇಡಿಗೆ ಬರುವ ವಿದ್ಯೆ. ಗಾಳದ ದಾರದ ತುದಿಯ ಗುಂಡು ಗಟ್ಟಿ ನೆಲದ ಮೇಲೆ ಟಕಟಕ ಎನ್ನುತ್ತದೆ, ಕೆಸರಿನಲ್ಲಿ ಸುಮ್ಮನೆ ಹೂಳುತ್ತದೆ. ಬೆರಳಿಗೆ ತಿಳಿಯುತ್ತದೆ.

ದಡ ಮಂಜಿನಲ್ಲಿ ಕರಗಿತು. ಸ್ವಲ್ಪ ಹೊತ್ತಿನಲ್ಲಿ ಕೊರಡುಗಳು ಕಾಣಿಸಿದವು. ಕೆಲವು ನೀರಿನಿಂದ ಒಂದು ಗೇಣು ಮೇಲೆ, ಹೆಚ್ಚಿನವು ಒಂದು ಗೇಣು ಕೆಳಗೆ. ರೊವೀನಾ ವೇಗ ಇಳಿಸಿದಳು. ತುಟಿ ಅಲುಗಿತು.

“ಜಲ್ಲಿ,” ಎಂದ ಗ್ರೇಡಿ. “ಜಲ್ಲಿ... ಜಲ್ಲಿ... ಅಯ್ಯೋ ದೇವರೇ, ಇಲ್ಲಿ ದಾರಿ ಇದೆ ಕಣ್ರೋ! ಮೂವತ್ತು ವರ್ಷ ಇದರ ಪಕ್ಕದಲ್ಲೇ ಪ್ರೊಪೆಲರ್ ಮುರ್ಕೊಂಡಿದ್ದೀನಲ್ಲ!”

“ಬಾಯಿ ಮುಚ್ಕೊಂಡು ದಾರ ನೋಡ್ಕೊಳ್ಳಿ.”

ಸೇಬಿನ ಮರ ಬಂತು, ಹೋಯಿತು. ಬಾವಿ ಬಂತು, ಹೋಯಿತು. ಕುಲುಮೆಯ ಹತ್ತಿರ ರೊವೀನಾ ಬಲಕ್ಕೆ ತಿರುಗಿಸಿದಳು. ಹಗ್ಗದ ತುದಿಯ ದೋಣಿಯೂ ಮರಿಬಾತಿನಂತೆ ತಿರುಗಿತು. ಆಮೇಲೆ ಅವಳ ತುಟಿ ನಿಂತಿತು.

“ಕೆಸರು,” ಎಂದ ಗ್ರೇಡಿ. “ಕೆಸರು! ರೊವೀನಾ, ಕೆಸರು!”

ದೋಣಿಯ ಅಡಿಯಲ್ಲಿ ಏನೋ ಕರಕರ ಉಜ್ಜಿತು. ಪೆಟ್ಟಿಗೆ ಒಂದು ಕಡೆ ವಾಲಿತು. ಹಿಂದಿನ ದೋಣಿಯಲ್ಲಿ ಟಿಲ್ಮನ್ ಚೀರಿದ. ರೊವೀನಾ ಮೋಟರ್ ನಿಲ್ಲಿಸಿ, ಹುಟ್ಟಿನಿಂದ ಕೊರಡನ್ನು ನೂಕಿ ದೋಣಿಯನ್ನು ಬಿಡಿಸಿದಳು.

“ಅಪ್ಪಾ, ಇಲ್ಲಿಂದ ನಂಗೆ ಗೊತ್ತಿಲ್ಲ. ಇಲ್ಲಿ ಅಮ್ಮ ಮಾತೇ ಆಡ್ತಿರಲಿಲ್ಲ. ನಿಲ್ಲಿಸಿ ಗಾಳ ಹಾಕ್ತಿದ್ದಳು. ಏನೋ ಒಂದು ಸಾಲು ಇರಬೇಕು. ನಾನು ಒಂದು ದಿನವೂ ಕೇಳಿಲ್ಲ.” ಅವಳ ದನಿ ಒಡೆಯಿತು. “ವಾಪಸ್ ಹೋಗೋಣ ಅಪ್ಪಾ. ಅಮ್ಮನ್ನ ನೀರಿಗೆ ಹಾಕಿಬಿಡ್ತೀನಿ ನಾನು.”

ಹಾಯ್ಟ್ ಕಣ್ಣು ತೆರೆಯದೆ ಕೇಳಿದ: “ಇದಕ್ಕೆ ಮುಂಚೆ ಯಾವುದು ಬಂತು?”

“ಕುಲುಮೆ.”

ಹಾಯ್ಟ್ ಕಣ್ಣು ತೆರೆದ.

*

ಹದಿಮೂರು ವರ್ಷದ ಹಿಂದೆ, ಫೆಬ್ರವರಿಯ ಒಂದು ಶನಿವಾರ, ವೆಲ್ಡಾ ಬಾಗಿಲು ತೆರೆದು ಒಳಗೆ ಬಂದು, ಕೋಟು ಬಿಚ್ಚದೆ, ಒದ್ದೆ ಕೈಗಳನ್ನು ಮುಂದೆ ಚಾಚಿ ನಿಂತಿದ್ದಳು.

“ಹನ್ನೊಂದು ಪೌಂಡು, ಎರಡು ಔನ್ಸು. ದೋಣಿಯ ತಕ್ಕಡಿಯಲ್ಲೇ ತೂಗಿದೆ, ಎರಡು ಸಲ.”

“ಎಲ್ಲಿ ಮೀನು?”

“ಬಿಟ್ಟೆ. ಮೊಟ್ಟೆ ತುಂಬಿತ್ತು. ಕಟ್ಟೆ ತನಕ ತಂದಿದ್ರೆ ಸತ್ತೇ ಹೋಗ್ತಿತ್ತು.”

“ಹಲಗೆ ಮೇಲೆ ನಿನ್ನ ಹೆಸರು ಬರ್ತಿತ್ತಲ್ಲೇ! ಗ್ರೇಡಿ ಮುಖ ನೋಡಬೇಕಿತ್ತು.”

“ಅವನ ಮುಖ ಸೋಮವಾರ ಹೇಗೂ ನೋಡ್ತೀನಿ.” ಅವಳು ನಕ್ಕಳು. “ಎಲ್ಲಿ ಸಿಕ್ತು ಅಂತ ಕೇಳಲ್ವಾ?”

“ಎಲ್ಲಿ?”

“ನಿಮ್ಮಮ್ಮನ ಅಡಿಗೆಮನೇಲಿ.”

ಹಾಯ್ಟ್ ತಮಾಷೆ ಎಂದುಕೊಂಡು ಪತ್ರಿಕೆಯ ಹಾಳೆ ತಿರುಗಿಸಿದ್ದ.

*

“ಕುಲುಮೆ ಆದ್ಮೇಲೆ ನಮ್ಮನೆ,” ಎಂದ ಹಾಯ್ಟ್.

ಅವನು ಪೆಟ್ಟಿಗೆಯ ಹಿಡಿಯಿಂದ ಕೈ ಬಿಟ್ಟ. ದೋಣಿಯ ಹಲಗೆಗಳ ಮೇಲೆ ಅಂಬೆಗಾಲಿಟ್ಟು ಮಗಳ ಹತ್ತಿರ ಬಂದು, ಗ್ರೇಡಿಯ ಕಡೆ ಒಮ್ಮೆ ನೋಡಿ, ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದು, ಅವಳ ಕಿವಿಯಲ್ಲಿ ಹೇಳಿದ. ಆ ಸಾಲನ್ನು ಐಡಾ ಅವನಿಗೆ ಕೇಳಿಸಲೆಂದೇ ಕಟ್ಟಿದ್ದಳು. ಅವನು ಪ್ರತಿ ಭಾನುವಾರ ವೆಲ್ಡಾಳ ದಾರಿ ಕಾಯುತ್ತ ಗೇಟಿಗೆ ಒರಗಿ ನಿಲ್ಲುತ್ತಿದ್ದ ಕಾಲ ಅದು. ಮಕ್ಕಳೆಲ್ಲ ಅದನ್ನು ಕಿರುಚಿಕೊಂಡು ಹೋಗುತ್ತಿದ್ದರು, ವೆಲ್ಡಾ ಒಬ್ಬಳು ಬಾಯಿ ಮುಚ್ಚಿ ತಲೆ ತಗ್ಗಿಸಿ ನಡೆಯುತ್ತಿದ್ದಳು.

ಲ್ಯಾಸಿಟರ ಗೇಟಿಗೆ ಅಗುಳಿಯಿಲ್ಲ, ಹುಡುಗನಿಗೆ ನಾಚಿಕೆಯಿಲ್ಲ, ಎಡಕ್ಕೆ ಓಡು, ಎಡಕ್ಕೆ ಓಡು.

ರೊವೀನಾ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ಕಣ್ಣೀರು ಒರೆಸಿಕೊಳ್ಳದೆಯೇ ಮೋಟರ್ ಎಳೆದು, ಎಡಕ್ಕೆ ಪೂರ್ತಿ ತಿರುಗಿಸಿದಳು.

“ಕೆಸರು,” ಎಂದ ಗ್ರೇಡಿ. “ಕೆಸರು. ಕೆಸ... ಜಲ್ಲಿ! ಜಲ್ಲಿ! ಜಲ್ಲಿ!”

ಹಿಂದಿನ ನಾಲ್ಕು ದೋಣಿಗಳಿಂದ ಹೆಂಗಸರು ತಾವಾಗಿಯೇ ಹಾಡು ಎತ್ತಿದರು. ಹಾಯ್ಟ್ ದೋಣಿಯ ಅಂಚಿನಿಂದ ಕೆಳಗೆ ನೋಡಿದ. ಹಸಿರು ನೀರಿನಲ್ಲಿ, ಆಳುದ್ದ ಕೆಳಗೆ, ಅಡಿಪಾಯದ ಚೌಕದ ಕಲ್ಲುಗಳ ಒಂದು ಸಾಲು ಮಸುಕಾಗಿ ಕಂಡು ಹಿಂದೆ ಸರಿಯಿತು. ಅದರ ಮೇಲಿಂದ ಕಪ್ಪಗಿನ ದಪ್ಪ ನೆರಳೊಂದು ಬಾಲ ಬೀಸಿ ಒಳಕ್ಕೆ ಹೋಯಿತು.

ಮಂಜು ತೆಳ್ಳಗಾಯಿತು. ಎದುರಿಗೆ ನೀರಿನಿಂದ ಮೆಟ್ಟಿಲುಗಳು ಎದ್ದು ನಿಂತಿದ್ದವು. ಒಂಬತ್ತು ಕಲ್ಲಿನ ಮೆಟ್ಟಿಲು, ಮೇಲೆ ಚರ್ಚಿಲ್ಲ, ಆಕಾಶ ಮಾತ್ರ. ಬೇಸಿಗೆಯಲ್ಲಿ ಬರುವವರು ಅವನ್ನು ಕಾಣುವುದಿಲ್ಲ, ಅವರು ಅವುಗಳ ಮೇಲೆಯೇ ತೇಲಿ ಹೋಗುತ್ತಾರೆ. ನೀರು ಹನ್ನೊಂದು ಅಡಿ ಇಳಿದಿದ್ದರಿಂದ ವೆಲ್ಡಾ, ಮುಳುಗಿಹೋಗಿ ತನ್ನ ಮದುವೆ ನಡೆಯದೆ ಹೋದ ಚರ್ಚಿನ ಮೆಟ್ಟಿಲನ್ನು ಆರು ಜನರ ಹೆಗಲ ಮೇಲೆ ಹತ್ತಿದಳು. ಮೊದಲ ಮೆಟ್ಟಿಲಲ್ಲಿ ಹಾಯ್ಟ್ ನಿಂತು ಬೂಟುಗಳನ್ನು ಚೆನ್ನಾಗಿ ಒರೆಸಿಕೊಂಡ. ಅದನ್ನು ನೋಡಿ ಎಲ್ಲರೂ ಒರೆಸಿಕೊಂಡರು, ಟಿಲ್ಮನ್ ಎರಡು ಸಲ.

ಗುಡ್ಡದ ಮೇಲೆ ಬಿಸಿಲಿತ್ತು. ಪಾದ್ರಿ ಕಡಿಮೆ ಮಾತಾಡಿದರು. ಐಡಾಳ ಪಕ್ಕಕ್ಕೆ ಅವಳ ಮಗಳನ್ನು ಇಳಿಸಿದರು. ಮಣ್ಣು ಹಾಕುವ ಮುಂಚೆ ಹಾಯ್ಟ್ ಒಂದು ಹೆಜ್ಜೆ ಮುಂದೆ ಬಂದ.

“ಹನ್ನೊಂದು ಪೌಂಡು, ಎರಡು ಔನ್ಸು,” ಎಂದ. “ಎಂಬತ್ತೊಂದನೇ ಇಸವಿ, ಫೆಬ್ರವರಿ. ಮೊಟ್ಟೆ ತುಂಬಿತ್ತು ಅಂತ ಬಿಟ್ಟುಬಂದಳು. ಅಷ್ಟೇ ನಾನು ಹೇಳೋದು.”

ಗ್ರೇಡಿ ಟೋಪಿಯನ್ನು ಎದೆಗೆ ಒತ್ತಿಕೊಂಡ.

“ಪ್ರತಿ ಸೋಮವಾರ,” ಎಂದ. “ಹದಿಮೂರು ವರ್ಷ, ಪ್ರತಿ ಸೋಮವಾರ ‘ಏನ್ ಸಿಕ್ತು ಗ್ರೇಡಿ?’ ಅಂತ ಕೇಳಿದಳಲ್ಲ ಈ ಹೆಂಗಸು! ಇವತ್ತೇ ಆ ಹಲಗೆ ನಾನೇ ಅಳಿಸಿ ಬರೀತೀನಿ.”

ಊಟ ಮುಗಿದು ದೋಣಿ ಹತ್ತುವಾಗ ಮಂಜು ಪೂರಾ ಕರಗಿತ್ತು. ದಡ, ಗುಡ್ಡ, ಒಂದೊಂದು ಕೊರಡೂ ಕಾಣುತ್ತಿತ್ತು. ರೊವೀನಾ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಅಮ್ಮನ ದಾರಿ ಯಾರೂ ನೋಡೋ ಹಾಗಿಲ್ಲ. ಎಲ್ಲರೂ ಹಿಂದಕ್ಕೆ ಮುಖ ಮಾಡಿ ಕೂತ್ಕೊಳ್ಳಿ. ಪಾದ್ರಿಗಳೇ, ನೀವೂ. ಮಿಸ್ಟರ್ ಗ್ರೇಡಿ, ನೀವು ಮೊದಲು.”

ಹಾಗೆ ಅವರು ಮರಳಿದರು. ಒಂಬತ್ತು ಸಲ ಪಂದ್ಯ ಗೆದ್ದವನು ತನ್ನದೇ ಕೆಂಪು ದೋಣಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಅವನ ಕಣ್ಣ ಮುಂದೆ ಇದ್ದದ್ದು ದೂರವಾಗುತ್ತಿದ್ದ ಗುಡ್ಡ, ಅದರ ಮೇಲೆ ಹೊಸ ಮಣ್ಣಿನ ಒಂದು ಗುರುತು. ಮುಂದಕ್ಕೆ ಮುಖ ಮಾಡಿ ಕೂತವರು ಇಬ್ಬರೇ, ರೊವೀನಾ ಮತ್ತು ದೋಣಿಯ ಮೂತಿಯಲ್ಲಿ ಹಾಯ್ಟ್. ಎರಡೂ ಜಾಕೆಟ್ಟು ಅವನ ಕಾಲ ಬಳಿ ಬಿದ್ದಿದ್ದವು.

ದೋಣಿ ಒಂದು ಕಡೆ ಬಲಕ್ಕೆ ಬಾಗಿದ್ದು ಗ್ರೇಡಿಯ ಬೆನ್ನಿಗೆ ತಿಳಿಯಿತು.

“ಹಾಯ್ಟ್,” ಎಂದ ಅವನು, ಗುಡ್ಡವನ್ನೇ ನೋಡುತ್ತ. “ಟೋಪಿ ಅಡ್ಡ ಇಟ್ಕೊಂಡು ಹೇಳಿದ್ಯಲ್ಲ, ಅದೊಂದು ಸಾಲು. ನಂಗೂ ಅರವತ್ತಾರು ಆಯ್ತು ಮಾರಾಯ. ಒಂದೇ ಒಂದು ಸಲ ಹೇಳೋ.”

ಹಾಯ್ಟ್ ಬಗ್ಗಿ, ಕೋಟಿನ ತೋಳು ಮಡಚಿ, ಅಂಗೈಯನ್ನು ನೀರಿನೊಳಗೆ ಇಳಿಸಿ, ತನ್ನ ಮನೆಯ ಮೇಲೆ ಹಾಗೇ ಹರಿಯಗೊಟ್ಟ.

“ಹೇಳಲ್ಲ,” ಎಂದ.