ಇಪ್ಪತ್ತಮೂರನೆಯ ಕಾರು

ಗುರುಪ್ರಸಾದ ಮಾಜಾಳಕರ ತೀರಿಕೊಂಡಾಗ ಅವನಿಗೆ ಇಪ್ಪತ್ತಾರು ವರ್ಷ. ಅವನ ಅಜ್ಜ ಕಾರವಾರದಲ್ಲಿ ಟೆಂಪೋಗಳಿಗೆ ಬಾಡಿ ಕಟ್ಟುತ್ತಿದ್ದರು. ಅಪ್ಪ ದೇವಾನಂದ ಅಂಕೋಲೆಯ ಹೊರಗೆ ಶೆಡ್ ಹಾಕಿ ಮೂರು ಚಕ್ರದ ಗಾಡಿ ತಯಾರಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಬಂದ ಗುರುಪ್ರಸಾದ ಅದೇ ಶೆಡ್ಡಿನಲ್ಲಿ ನಾಲ್ಕು ಜನ ಕೂರುವ ಪುಟ್ಟ ಎಲೆಕ್ಟ್ರಿಕ್ ಕಾರು ಮಾಡಿದ. ಮೊದಲ ಇಪ್ಪತ್ತಮೂರು ಕಾರುಗಳು ಜಿಲ್ಲೆಯೊಳಗೇ ಹೋದವು. ಎಲ್ಲದರ ಕೀಲಿಯನ್ನೂ ಅವನೇ ಕೈಯಾರೆ ಕೊಟ್ಟಿದ್ದ.

ಆ ಶನಿವಾರ ಬೆಳಿಗ್ಗೆ ಅವನು ಆಫೀಸಿಗೆ ಬಂದಾಗ ದೇವಾನಂದ ಸೋಮವಾರದ ಸಮಾರಂಭದ ಆಮಂತ್ರಣಗಳ ಮೇಲೆ ಹೆಸರು ಬರೆಯುತ್ತಿದ್ದರು. ಹೊಸ ಕಾರ್ಖಾನೆ ಉದ್ಘಾಟಿಸಲು ಮಂತ್ರಿಗಳು ಬರುವವರಿದ್ದರು.

"ಬಾಬಾ, ಕಾರಿನಾಗೆ ತಪ್ಪು ಉಂಟು," ಎಂದ ಗುರುಪ್ರಸಾದ. "ಇಳಿಜಾರಲ್ಲಿ ಮೋಟರೇ ಕಾರನ್ನ ತಡೆದು ನಿಧಾನ ಮಾಡ್ತದೆ, ಆ ಕರೆಂಟು ಬ್ಯಾಟರಿಗೆ ಹೋಗ್ತದೆ. ಬ್ಯಾಟರಿ ಭರ್ತಿ ಇದ್ರೆ ಹೋಗೂಕೆ ಜಾಗ ಇಲ್ಲ. ಆಗ ಎಲ್ಲಾ ಭಾರ ಬ್ರೇಕಿನ ಮೇಲೆ. ನಾನು ಹಾಕಿದ್ದು ಸಣ್ಣ ಬ್ರೇಕು. ನಿನ್ನೆ ಅರಬೈಲ್ ಘಾಟಿ ಇಳೀವಾಗ ಐದನೇ ತಿರುವಿಗೆ ಹೊಗೆ ಬಂತು."

"ಅದೇ ಘಾಟಿಯಲ್ಲಿ ನೂರು ಸಲ ಓಡ್ಸಿದ್ಯಲ್ಲೋ!"

"ಪ್ರತಿ ಸಲ ಅಂಕೋಲೆಯಿಂದ ಹೊರಟದ್ದು. ಘಾಟಿ ಹತ್ತೂದ್ರಲ್ಲಿ ಬ್ಯಾಟರಿ ಅರ್ಧ ಖಾಲಿ ಆಗಿರ್ತಿತ್ತು. ಮೇಲೇ ಚಾರ್ಜ್ ಮಾಡಿ ಇಳಿದದ್ದು ನಿನ್ನೆ ಮಾತ್ರ."

ದೇವಾನಂದ ಪೆನ್ನು ಕೆಳಗಿಟ್ಟರು. "ಯಾರಿಗಾದ್ರೂ ಎಂತಾದ್ರೂ ಆಗಿದ್ಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ಸೋಮವಾರ ಮುಗೀಲಿ ಪುತಾ. ಮಂಗಳವಾರ ನಾನೇ ಎಲ್ಲರಿಗೂ ಹೇಳ್ತೆ. ಎರಡೇ ದಿವಸ."

"ಅಷ್ಟರೊಳಗೆ ಯಾರಾದ್ರೂ ಘಾಟಿ ಇಳಿದ್ರೆ?"

ಗುರುಪ್ರಸಾದ ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ಫೋನು ತೆಗೆದ. ದೇವಾನಂದ ಅದರ ಮೇಲೆ ಕೈ ಇಟ್ಟರು. ಮಗ ಆ ಕೈಯನ್ನು ಮೆಲ್ಲನೆ ಸರಿಸಿ ಮೊದಲ ನಂಬರು ಒತ್ತಿದ.

ಹನ್ನೊಂದೂವರೆಯ ಹೊತ್ತಿಗೆ ಇಪ್ಪತ್ತೆರಡು ಜನ ಸಿಕ್ಕಿದ್ದರು. ಉಳಿದದ್ದು ಅಗಸೂರಿನ ನರ್ಸ್ ಸುನೀತಾ. ಅವಳ ಫೋನು ಹತ್ತುತ್ತಿರಲಿಲ್ಲ. ಗಂಡ ಶಿವಾನಂದ ಸಿಕ್ಕ. "ಅವ್ವನನ್ನೂ ಮಗುವನ್ನೂ ಕರ್ಕಂಡು ನೆಂಟರ ಮನೆಗೆ ಹೋಗಿದ್ದಾಳೆ ಸರ್, ಇಡಗುಂದಿಗೆ. ರಾತ್ರಿಯೆಲ್ಲ ಅಲ್ಲೇ ಕಾರು ಚಾರ್ಜಿಗೆ ಹಾಕಿದ್ದಳಂತೆ. ಊಟ ಮುಗ್ಸಿ ಹೊರಡ್ತೆ ಅಂದಿದ್ಲು."

ಇಡಗುಂದಿ ಇರುವುದು ಘಾಟಿಯ ನೆತ್ತಿಯಲ್ಲಿ. ಗುರುಪ್ರಸಾದ ಟೆಸ್ಟ್ ಕಾರಿನ ಕೀಲಿ ತೆಗೆದುಕೊಂಡು ಎದ್ದ.

"ತಡಿ, ನಾನೂ ಬತ್ತೆ," ಎಂದರು ದೇವಾನಂದ. ಅವರ ಧ್ವನಿ ಬದಲಾಗಿತ್ತು.

"ನೀವು ಇಲ್ಲೇ ಇದ್ದು ಅವಳ ನಂಬರಿಗೆ ಮಾಡ್ತಾನೇ ಇರಿ ಬಾಬಾ. ಸಿಕ್ಕಿದ್ರೆ ಇಳೀಬೇಡ ಅನ್ನಿ."

ಅವನು ಅಗಸೂರು ದಾಟಿದ, ರಾಮನಗುಳಿ ದಾಟಿದ. ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡು ಹಾರನ್ ಒತ್ತಿದ. ಘಾಟಿಯನ್ನು ಅರ್ಧ ಹತ್ತಿದಾಗ ಫೋನು ರಿಂಗಾಯಿತು. ಸುನೀತಾಳ ನಂಬರು; ಮಾತಾಡಿದ್ದು ಮುದುಕಿಯ ಧ್ವನಿ.

"ತಮಾ, ನಾ ಸುನೀತನ ಅತ್ತೆ, ಬೊಮ್ಮು. ನಿನ್ನ ಕಾರು ನಿಲ್ಲೂದೇ ಇಲ್ಲಾ! ಬ್ರೇಕು ಸತ್ತೇ ಹೋಯ್ತು ಅಂತಾಳೆ!"

"ಎಲ್ಲಿದ್ದೀರಿ ಅಮ್ಮಾ?"

"ಕೆಟ್ಟು ನಿಂತ ಕೆಂಪು ಲಾರಿ ಕಾಣ್ತದೆ ಮುಂದೆ!"

ಆ ಲಾರಿ ಅವನಿಗೂ ಕಾಣುತ್ತಿತ್ತು, ಎರಡು ತಿರುವು ಮೇಲೆ. ಅವನು ರಸ್ತೆಯ ನಡುವೆಯೇ ಕಾರನ್ನು ಇಳಿಯುವ ದಿಕ್ಕಿಗೆ ತಿರುಗಿಸಿದ. ಹಿಂದಿದ್ದ ಬಸ್ಸು ಕಿರುಚಿ ನಿಂತಿತು.

"ಫೋನು ಅವಳ ಕಿವಿ ಹತ್ರ ಹಿಡೀರಿ ಅಮ್ಮಾ. ಸುನೀತಕ್ಕಾ, ನಿಮ್ಮ ಮುಂದೆ ಬಿಳಿ ಕಾರು ಬರ್ತದೆ, ಅದು ನಾನೇ. ಹಿಂದಿನಿಂದ ಬಂದು ತಾಗ್ಸಿ. ಆಮೇಲೆ ಸ್ಟೇರಿಂಗ್ ನೇರ ಹಿಡೀರಿ."

"ನಿಮ್ಗೆ ಗುದ್ದೂದಾ ಸರ್?"

"ಹೌದು, ಗುದ್ದೂದು."

ಕನ್ನಡಿಯಲ್ಲಿ ಅವಳ ನೀಲಿ ಕಾರು ಕಾಣಿಸಿತು, ಚಕ್ರಗಳಿಂದ ಹೊಗೆ ಬರುತ್ತಿತ್ತು. ಅವನು ವೇಗ ಹೆಚ್ಚಿಸಿಕೊಂಡ. ಮೊದಲ ಪೆಟ್ಟಿಗೆ ಅವನ ತಲೆ ಸೀಟಿಗೆ ಬಡಿಯಿತು, ಕಾರುಗಳು ಬೇರೆಯಾದವು. ಎರಡನೆಯ ಸಲ ಬೇರೆಯಾಗಲಿಲ್ಲ. ಘಾಟಿ ಹತ್ತಿ ಬಂದ ಅವನ ಬ್ಯಾಟರಿಯಲ್ಲಿ ಜಾಗವಿತ್ತು. ಕಾಲು ತೆಗೆದೊಡನೆ ಮೋಟರು ಬಿಗಿಯಾಗಿ ತಡೆಯಿತು. ಬ್ರೇಕನ್ನೂ ಒತ್ತಿದ. ಅರವತ್ತು, ಐವತ್ತು, ನಲವತ್ತು. ಹಿಂದೆ ಮಗು ಅಳುವುದು ಫೋನಿನಲ್ಲಿ ಕೇಳುತ್ತಿತ್ತು.

"ನೇರ ಹಿಡೀರಿ. ನೇರ. ಹಾಗೇ."

ಮೂವತ್ತಕ್ಕೆ ಇಳಿಯುವಷ್ಟರಲ್ಲಿ ಕಡಿದಾದ ತಿರುವು ಬಂತು. ಅವನ ಕಾರು ತಿರುಗಿದಾಗ ಹಿಂದಿನ ಕಾರಿನ ಭಾರ ಅದನ್ನು ಅಡ್ಡಕ್ಕೆ ನೂಕಿತು. ಚಾಲಕನ ಬಾಗಿಲು ಕಲ್ಲಿನ ತಡೆಗೋಡೆಗೆ ಅಪ್ಪಳಿಸಿತು. ಎರಡೂ ಕಾರುಗಳು ಅಲ್ಲೇ ನಿಂತವು.

ಸುನೀತಾಳ ಹಣೆ ಒಡೆದಿತ್ತು. ಬೊಮ್ಮುಗೂ ಮಗುವಿಗೂ ಏನೂ ಆಗಿರಲಿಲ್ಲ. ಸುನೀತಾ ಬಿಳಿ ಕಾರಿನೊಳಕ್ಕೆ ಇನ್ನೊಂದು ಬಾಗಿಲಿನಿಂದ ನುಗ್ಗಿ ಅವನ ನಾಡಿ ಹಿಡಿದಳು.

"ಮೂವರೂ?" ಎಂದು ಕೇಳಿದ ಅವನು.

"ಮೂವರೂ ಇದ್ದೇವೆ. ಮಾತಾಡ್ಬೇಡಿ."

ಬಸ್ಸಿನವರು ಅವನನ್ನು ಹೊರತೆಗೆದು ದಾರಿಯಲ್ಲಿ ಬಂದ ಒಂದು ಜೀಪಿನಲ್ಲಿ ಮಲಗಿಸಿದರು. ಅಗಸೂರು ತಲುಪುವ ಮೊದಲೇ ಅವಳ ಬೆರಳಿನ ಕೆಳಗೆ ನಾಡಿ ನಿಂತಿತು. ಆಗಲೇ ಅವಳ ಫೋನು ಮತ್ತೆ ರಿಂಗಾಯಿತು. ಮಗ ಹೊರಟಾಗಿನಿಂದ ಅದೇ ನಂಬರಿಗೆ ಮಾಡುತ್ತಿದ್ದ ದೇವಾನಂದ, "ಇಳೀಬೇಡಮ್ಮಾ, ಘಾಟಿ ಇಳೀಬೇಡ," ಎಂದು ಕೂಗಿದರು. ಅವಳು ಹೇಳಲೇಬೇಕಾಯಿತು.

ಸೋಮವಾರ ಉದ್ಘಾಟನೆ ನಡೆಯಲಿಲ್ಲ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ದೇವಾನಂದ ಪತ್ರಿಕೆಗಳಿಗೆ ತಮ್ಮ ಹೆಸರಿನಲ್ಲಿ ಪತ್ರ ಬರೆದರು: ಕಾರಿನ ತಪ್ಪು ಇಂಥದ್ದು, ಮಗ ಅದನ್ನು ಹೇಳಿದಾಗ ಎರಡು ದಿನ ತಡೆ ಎಂದವನು ನಾನು. ವಕೀಲರು ಬೇಡವೆಂದರೂ ಆ ಸಾಲು ತೆಗೆಯಲಿಲ್ಲ. ಕಾರುಗಳನ್ನೆಲ್ಲ ವಾಪಸು ತರಿಸಿ ದೊಡ್ಡ ಬ್ರೇಕು ಹಾಕಿಸಿದರು. ಬ್ಯಾಟರಿ ತುಂಬಿಸಿ ಒಂದೊಂದನ್ನೂ ಘಾಟಿ ಇಳಿಸಿದರು. ಪ್ರತಿ ಸಲವೂ ಚಾಲಕನ ಪಕ್ಕದಲ್ಲಿ ತಾವೇ ಕೂತರು.

ಹಣೆಯ ಹೊಲಿಗೆ ಬಿಚ್ಚಿದ ವಾರ ಸುನೀತಾ ಮಗುವಿನೊಂದಿಗೆ ಕಾರವಾರದ ಕೋಡಿಬಾಗದಲ್ಲಿದ್ದ ಅವರ ಮನೆಗೆ ಬಂದಳು. ಗುರುಪ್ರಸಾದನ ತಾಯಿ ಕಲಾವತಿ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ದೇವಾನಂದ ಕೇಳಿದರು:

"ಫೋನಿನಲ್ಲಿ ನನ್ನ ಬಗ್ಗೆ ಎಂತಾದ್ರೂ ಹೇಳಿದ್ನಾ?"

ಏನಾದರೂ ಕಲ್ಪಿಸಿ ಹೇಳಬಹುದಿತ್ತು. ಸುನೀತಾ ಹಾಗೆ ಮಾಡಲಿಲ್ಲ.

"ಇಲ್ಲ ಸರ್. ನಮ್ಗೆ ದಾರಿ ಹೇಳೂದ್ರಲ್ಲೇ ಇದ್ರು."

ದೇವಾನಂದ ತಲೆಯಾಡಿಸಿದರು. "ಅವನು ಹಾಗೇ," ಎಂದರು. ಆಮೇಲೆ ಮೊದಲ ಬಾರಿಗೆ, ಪರಕೀಯಳೊಬ್ಬಳ ಎದುರು, ಜೋರಾಗಿ ಅತ್ತರು.