ಚುಕ್ಕಿ ತೆಗೆದದ್ದು

"ಪಟ ಎಲ್ಲಪ್ಪ?" ಎಂದು ಪಾರ್ವತಮ್ಮ ಕೇಳಿದರು.

"ನಿಮ್ಮ ಕೈಯಲ್ಲೇ ಇದೆಯಲ್ಲಮ್ಮ" ಎಂದು ಬಸವಂತ ನಕ್ಕ. ಹೊಸ ಫೋಟೋಗೆ ತಾನೇ ಕಟ್ಟು ಹಾಕಿ ಈಗತಾನೆ ಅವರ ಕೈಗೆ ಕೊಟ್ಟಿದ್ದ.

"ಈ ಪಟ ಅಲ್ಲ ಕಣಪ್ಪ, ಗಾಳಿಪಟ. ಇಲ್ಲಿ ಮೇಲ್ಗಡೆ ಇತ್ತಲ್ಲ."

ಮೇಲ್ಗಡೆ ಈಗ ರಾತ್ರಿ ಇತ್ತು. ಬೇಗೂರು ಕೆರೆಯ ಏರಿ, ಅದರ ಮೇಲೊಂದು ಹುಣಸೆಮರ, ನೀರಿನಲ್ಲಿ ಬೆಳ್ಳಗೆ ಬಿದ್ದ ಬೆಳದಿಂಗಳು, ಆಕಾಶದ ತುಂಬ ನಕ್ಷತ್ರಗಳು. ಎರಡು ದಿನ ಕೂತು ಮಾಡಿದ ಕೆಲಸ. ಬಿಟಿಎಂ ಲೇಔಟಿನ ಆ ಸ್ಟುಡಿಯೋಗೆ ಕಂಪ್ಯೂಟರ್ ಬಂದು ಮೂರು ವರ್ಷವಾಗಿತ್ತು. ಊಟಿ ನೋಡದ ಮದುಮಕ್ಕಳನ್ನು ಊಟಿಯಲ್ಲಿ ನಿಲ್ಲಿಸುವುದಕ್ಕೂ ಲಾಲ್‌ಬಾಗಿನ ಹಗಲನ್ನು ಹುಣ್ಣಿಮೆ ಮಾಡುವುದಕ್ಕೂ ಬಸವಂತನೇ ಬೇಕು. ಆಕಾಶ ಬದಲಾಯಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಪಾಪ, ಜಂಬಪಡುವುದಕ್ಕೆ ಅವನ ಹತ್ತಿರ ಬೇರೇನೂ ಇರಲಿಲ್ಲ.

"ಹಗಲಿತ್ತಲ್ಲಪ್ಪ ಇದು. ಯಾಕೆ ಕತ್ತಲೆ ಮಾಡ್ದೆ?"

ಬಸವಂತ ಗಾಬರಿಯಾದ. ಗಾಬರಿಯಾದರೆ ಆರು ವರ್ಷದಿಂದ ಕಲಿತ ಬೆಂಗಳೂರಿನ ಮಾತು ಹೋಗಿ ಗದಗಿನ ಮಾತೇ ಬಾಯಿಗೆ ಬರುತ್ತಿತ್ತು. "ಮ್ಯಾಲೆಲ್ಲ ಚುಕ್ಕಿ ತಗೀ ಅಂದಿದ್ರೆಲ್ರೀ ಅಮ್ಮಾರ. ತಗದೇನ್ರೀ. ಎಷ್ಟ್ ಚುಕ್ಕಿ ಅದಾವ ನೋಡ್ರಿ."

"ತೆಗಿ ಅಂದ್ರೆ ಹಾಕಿದ್ದೀಯಲ್ಲಪ್ಪ!"

ಹೋದ ಸೋಮವಾರ ಅವರು ತಂದ ಫೋಟೋ ನೀರಿಳಿದು ಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಆಕಾಶದ ತುಂಬ ಬೂಷ್ಟಿನ ಬೊಟ್ಟುಗಳು. ಪಾರ್ವತಮ್ಮನಿಗೆ ಆ ಬೊಟ್ಟುಗಳೇ ಚುಕ್ಕಿ, ತೆಗೆಯುವುದೆಂದರೆ ಅಳಿಸುವುದು. ಬಸವಂತನ ಊರಿನಲ್ಲಿ ಚುಕ್ಕಿ ಮೂಡುವುದು ರಾತ್ರಿಯ ಆಕಾಶದಲ್ಲಿ, ಅಲ್ಲಿ ಚಿತ್ರ ಬರೆಯುವುದಕ್ಕೆ ಚಿತ್ರ ತೆಗೆಯುವುದು ಎನ್ನುತ್ತಾರೆ. ಒಂದೇ ಕನ್ನಡ, ಇಬ್ಬರಿಗೂ ಚೆನ್ನಾಗಿ ಅರ್ಥವಾಗಿತ್ತು.

ಪಾರ್ವತಮ್ಮ ಸ್ಟೂಲಿನ ಮೇಲೆ ಕುಳಿತರು. "ನಮ್ ಜಯಿ ಪಟ ಅದು. ಅವ್ಳದ್ದು ಅಂತ ಇದ್ದಿದ್ದು ಅದೊಂದೇ."

ಜಯದೇವಿ ಅವರ ಮಗಳು. ಅವಳಿಗಿಂತ ಮುಂಚಿನ ಎರಡು ಮಕ್ಕಳು ಫೋಟೋ ತೆಗೆಸಿದ ವರ್ಷದೊಳಗೇ ಹೋಗಿದ್ದವು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ ಎಂದು ಅತ್ತೆ ಹೇಳಿದ ಮಾತನ್ನು ಪಾರ್ವತಮ್ಮ ಗಟ್ಟಿಯಾಗಿ ಹಿಡಿದುಕೊಂಡರು. ಮದುವೆಮನೆ, ಸ್ಕೂಲು, ಎಲ್ಲಿ ಕ್ಯಾಮೆರಾ ಕಂಡರೂ ಮಗಳನ್ನು ಸೆರಗಿನ ಮರೆಗೆ ಎಳೆದುಕೊಂಡು ಹನ್ನೊಂದು ವರ್ಷ ಕಾಪಾಡಿದರು. ತೊಂಬತ್ತೆರಡರ ಆಷಾಢದಲ್ಲಿ ಮೈದುನ ಯಾರದೋ ಕ್ಯಾಮೆರಾ ತಂದು ಕೆರೆಯ ಫೋಟೋ ತೆಗೆಯಲು ನಿಂತ. ಜಯಿ ಏರಿಯ ಮೇಲೆ ಪಟ ಹಾರಿಸುತ್ತಿದ್ದಳು.

"ನಾನೂ ಫೋಟೋದಲ್ಲಿ ಬತ್ತೀನಿ ಅಂತ ಅತ್ಲು. ಬೆನ್ನಿಗೊಂದು ಗುದ್ದಿ ಆಚೆ ಎಳ್ಕೊಂಡ್ ಹೋಗಿ ನಿಲ್ಲಿಸ್ದೆ. ದಾರ ಅವ್ಳ ಕೈಲೇ ಇತ್ತು. ಪಟ ಮಾತ್ರ ಬಂತು, ಅವ್ಳು ಬರ್ಲಿಲ್ಲ." ಪಾರ್ವತಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಕಾರ್ತೀಕದಲ್ಲಿ ಮೆದುಳು ಜ್ವರ ಬಂತಪ್ಪ. ನಾಲ್ಕೇ ದಿನ."

ಫೋಟೋ ತೆಗೆಸದೆಯೂ ಹೋಗಿಬಿಟ್ಟಳು. ಅತ್ತೆ ಅದಕ್ಕೇನೂ ಹೇಳಿರಲಿಲ್ಲ.

"ಹೊಸದು ಬೇಡ, ಹಳೇದೇ ಕೊಟ್ಬಿಡು. ಬೂಷ್ಟಿದ್ರೂ ಇರ್ಲಿ."

ಬಸವಂತ ಡ್ರಾಯರಿನಿಂದ ಹಳೆಯ ಫೋಟೋ ತೆಗೆದು ಮುಂದಿಟ್ಟ. ಕೆರೆ ಇತ್ತು, ಹುಣಸೆಮರ ಇತ್ತು. ಅದರ ಮೇಲೆ ಬರೀ ಬಿಳಿ ಕಾಗದ. ಗಾಜಿನಿಂದ ಬಿಡಿಸುವಾಗ ಆಕಾಶವೆಲ್ಲ ಗಾಜಿಗೇ ಅಂಟಿಕೊಂಡು ಕಿತ್ತುಬಂದಿತ್ತು. ಹೇಗೂ ರಾತ್ರಿ ಕೂರಿಸುವ ಜಾಗ, ಹೋದರೆ ಹೋಗಲಿ ಎಂದು ಅವನು ಉಳಿದದ್ದನ್ನಷ್ಟೇ ಸ್ಕ್ಯಾನ್ ಮಾಡಿದ್ದ. ಗಾಜನ್ನು ಸೋಪುನೀರಿನಲ್ಲಿ ತೊಳೆದು ಹೊಸ ಫೋಟೋಗೆ ಹಾಕಿದ್ದ. ಪಾರ್ವತಮ್ಮ ಆ ಗಾಜಿನ ಮೇಲೆ ಅಂಗೈ ಆಡಿಸಿದರು. ಫಳಫಳ ಹೊಳೆಯುತ್ತಿತ್ತು.

"ನೆಗೆಟಿವ್ ಅದ ಏನ್ರೀ?"

"ಅದೆಲ್ಲಿರುತ್ತೆ."

"ನಾ ಬರೀತೀನ್ರೀ ಅಮ್ಮಾರ" ಎಂದು ಬಸವಂತ ಅವಸರದಿಂದ ಕಂಪ್ಯೂಟರಿಗೆ ತಿರುಗಿದ. "ಹಗಲ ಮಾಡ್ತೀನಿ, ಪಟಾನೂ ಬರೀತೀನಿ. ಹ್ಯಾಂಗಿತ್ತೋ ಹಂಗ." ನಕ್ಷತ್ರಗಳನ್ನು ಅಳಿಸಿದ, ಆಕಾಶಕ್ಕೆ ಆಷಾಢದ ಮಬ್ಬು ನೀಲಿ ತುಂಬಿದ. "ಯಾವ ಬಣ್ಣ ಇತ್ತ್ ಹೇಳ್ರಿ."

"ಕೆಂಪು" ಎಂದರು ಪಾರ್ವತಮ್ಮ. ಸ್ವಲ್ಪ ತಡೆದು, "ಅಲ್ಲ, ಹಳದಿ ಇರ್ಬೇಕು. ಬೂಷ್ಟು ಕವ್ದು ಐದಾರು ವರ್ಷ ಆಯ್ತು, ಬಣ್ಣ ಕಾಣ್ತಿರ್ಲಿಲ್ಲ. ಅದಕ್ಕೇ ತಾನೆ ನಿನ್ಹತ್ರ ತಂದಿದ್ದು. ಅಯ್ಯೋ, ಮಗೀನ ಪಟದ ಬಣ್ಣ ಮರ್ತೋದೆನಲ್ಲಪ್ಪ ನಾನು!"

ಬಣ್ಣ ಬಸವಂತನಿಗೆ ಗೊತ್ತಿತ್ತು. ಗಾಜು ತೊಳೆಯುವಾಗ ಉಗುರಗಲದ ಒಂದು ಚೂರು ಮಾತ್ರ ಗಾಜು ಬಿಟ್ಟಿರಲಿಲ್ಲ. ಸೋಪಿಗೂ ಹೋಗಲಿಲ್ಲ, ಬಿಸಿನೀರಿಗೂ ಹೋಗಲಿಲ್ಲ. ಏನೋ ಕಲೆ ಎಂದುಕೊಂಡಿದ್ದ. ಈಗ ಸುಮ್ಮನಿದ್ದು ಹಳದಿ ಬಳಿದಿದ್ದರೂ ಕೇಳುವವರಿರಲಿಲ್ಲ.

"ನೇರಳಿ ಬಣ್ಣ ಇತ್ರೀ" ಎಂದ. "ಗಾಜಿನ ಮ್ಯಾಲೆ ಅಂಟಿತ್ತು. ನಾನ ಬ್ಲೇಡ್‌ಲೆ ಕೆರದೆ."

ಪಾರ್ವತಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. "ಹೂಂ, ನೇರಳೆ. ಅವರಪ್ಪನ್ನ ಕಾಡಿ ಸಿದ್ದಾಪುರದಿಂದ ತರಿಸ್ಕೊಂಡಿದ್ಲು" ಎಂದು ಹೇಳಿ ಅತ್ತರು. ಅಂಗಡಿಯ ಮುಂದೆ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಬಸವಂತ ತಲೆಯೆತ್ತದೆ ಮೌಸ್ ಹಿಡಿದು ನೀಲಿಯ ನಡುವೆ ನೇರಳೆಯ ಒಂದು ಸಣ್ಣ ಚೌಕ ಬರೆದ. ಸ್ವಲ್ಪ ಓರೆ ಮಾಡಿದ.

"ದಾರ ಎಲ್ಲಿಂದ ಬರ್ಬೇಕ್ರೀ?"

ಪಾರ್ವತಮ್ಮ ಎದ್ದು ಬಂದು ಪಟದ ಮೇಲೆ ಬೆರಳಿಟ್ಟರು. ಬೆರಳು ಓರೆಯಾಗಿ ಕೆಳಗಿಳಿಯುತ್ತ ಹುಣಸೆಮರ ದಾಟಿತು, ಏರಿ ದಾಟಿತು, ಪರದೆಯ ಅಂಚಿಗೆ ಬಂದು ಅಲ್ಲೂ ನಿಲ್ಲದೆ ಮೇಜಿನ ಮೇಲೆ ಗಾಳಿಯಲ್ಲಿ ಗೇಣುದ್ದ ಸರಿದು ನಿಂತಿತು.

"ಇಲ್ಲಿ ನಿಂತಿದ್ಲು" ಎಂದರು.

ಬಸವಂತ ಅಲ್ಲಿ ಪೇರಿಸಿಟ್ಟಿದ್ದ ಮದುವೆ ಆಲ್ಬಮ್ಮುಗಳನ್ನು ಎರಡೂ ಕೈಯಲ್ಲಿ ಎತ್ತಿ ನೆಲದ ಮೇಲಿಟ್ಟ.